ಅಕ್ಕನೋ, ಅಂಗಡಿಯೋ?

ಮನೆಯ ಮಗಳು "ನಾನು ಮೇಕಪ್ ವೀಡಿಯೊ ಮಾಡಿ ದುಡಿಯುತ್ತೇನೆ" ಎಂದರೆ ಹಿರಿಯರು ಏನು ಉತ್ತರ ಕೊಡಬೇಕು? ಇಪ್ಪತ್ತು ವರ್ಷಗಳ ಹಿಂದೆ ಈ ಪ್ರಶ್ನೆಯೇ ಹುಟ್ಟುವಂತಿರಲಿಲ್ಲ. ಹುಡುಗಿಯರ ಮುಂದೆ ನರ್ಸಿಂಗ್ ಇತ್ತು, ಟೀಚರ್ ಟ್ರೈನಿಂಗ್ ಇತ್ತು, ಹೊಸೂರಿನ ಕಾರ್ಖಾನೆಗಳಿದ್ದವು, ಬೆಂಗಳೂರಿನ ಗಾರ್ಮೆಂಟ್ಸ್ ಇತ್ತು. ಈಗ ಕೈಯಲ್ಲೊಂದು ಫೋನು, ಕಿಟಕಿಯ ಬೆಳಕು, ಒಂದಿಷ್ಟು ಧೈರ್ಯ ಇದ್ದರೆ ಕೆಲಸ ಶುರುವಾಗಿಬಿಡುತ್ತದೆ. ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಡೆಯುವ ಮಾತುಕತೆಯಲ್ಲೂ ಈ ವಿಷಯ ಇಣುಕತೊಡಗಿದೆ.

ಸಾಮಾನ್ಯವಾಗಿ ನಮ್ಮ ಬಾಯಿಂದ ಎರಡು ಮಾತುಗಳು ಹೊರಡುತ್ತವೆ. ಒಂದು, "ಇದೆಲ್ಲ ಶೋಕಿ, ಮರ್ಯಾದಸ್ಥರ ಕೆಲಸವಲ್ಲ." ಇನ್ನೊಂದು, "ತಿಂಗಳಿಗೆ ಎಷ್ಟು ಬರುತ್ತದಂತೆ?" ಮೊದಲನೆಯದು ಕೆಲಸವನ್ನು ನೋಡದೆಯೇ ತೀರ್ಪು ಹೇಳುತ್ತದೆ. ಎರಡನೆಯದು ದುಡ್ಡು ಬರುವುದಾದರೆ ಬೇರೇನನ್ನೂ ಕೇಳುವುದಿಲ್ಲ. ಎರಡೂ ಕಡೆ ಮಗಳಿಗೆ ಸಿಗುವುದು ಉತ್ತರವಲ್ಲ. ಯಾವ ಕೆಲಸದ ಬಗ್ಗೆಯಾದರೂ ನಾವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇಲ್ಲಿ ಮಾರಾಟವಾಗುತ್ತಿರುವುದು ಏನು? ಅದರಲ್ಲಿ ಮಾರಬಾರದ್ದೇನಾದರೂ ಸೇರಿದೆಯೇ? ಈ ಪ್ರಶ್ನೆಯನ್ನು ಒಬ್ಬಾಕೆಯ ಬದುಕನ್ನು ಎದುರಿಗಿಟ್ಟುಕೊಂಡು ನಿಧಾನವಾಗಿ ವಿಚಾರಿಸೋಣ.

ಒಬ್ಬಾಕೆ ನಡೆದ ದಾರಿ

ಈ ಕೆಲಸಕ್ಕೆ ದಾರಿ ಹಾಕಿಕೊಟ್ಟವರಲ್ಲಿ ಮುಂಚಿನವರು ಮಿಶೆಲ್ ಫ್ಯಾನ್. 1987ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹುಟ್ಟಿದವರು. ಹೆತ್ತವರು ವಿಯೆಟ್ನಾಮಿನಿಂದ ನಿರಾಶ್ರಿತರಾಗಿ ಬಂದವರು. ತಂದೆ ಮನೆ ಬಿಟ್ಟು ಹೋದರು. ತಾಯಿ ಅಂಗಡಿಯಲ್ಲಿ ಬೇರೆಯವರ ಉಗುರುಗಳಿಗೆ ಬಣ್ಣ ಹಚ್ಚುವ ಕೆಲಸ ಮಾಡಿ ಸಂಸಾರ ಸಾಗಿಸಿದರು. ಫ್ಲೋರಿಡಾದ ಒಂದು ಕಲಾ ಕಾಲೇಜಿಗೆ ಸೇರಿದಾಗ ಸಿಕ್ಕ ಲ್ಯಾಪ್‌ಟಾಪಿನಲ್ಲಿ, 2007ರ ಮೇ ತಿಂಗಳಲ್ಲಿ, ಮುಖಕ್ಕೆ ಸಹಜವಾದ ಮೇಕಪ್ ಮಾಡಿಕೊಳ್ಳುವುದು ಹೇಗೆ ಎಂದು ತೋರಿಸುವ ಪುಟ್ಟ ವೀಡಿಯೊ ಮಾಡಿ ಯೂಟ್ಯೂಬಿಗೆ ಹಾಕಿದರು. ಆಗ ಯೂಟ್ಯೂಬಿಗೆ ಎರಡೇ ವರ್ಷ.

ಅದೇ ಸುಮಾರಿಗೆ ಅವರು ಲ್ಯಾಂಕೋಮ್ ಎಂಬ ಫ್ರೆಂಚ್ ಸೌಂದರ್ಯ ಕಂಪನಿಯ ಕೌಂಟರಿನಲ್ಲಿ ಕೆಲಸ ಕೇಳಿದ್ದರು. ಮಾರಾಟದ ಅನುಭವವಿಲ್ಲ ಎಂದು ಕೆಲಸ ಸಿಗಲಿಲ್ಲ. 2010ರಲ್ಲಿ ಅದೇ ಕಂಪನಿ ಅವರನ್ನು ಹುಡುಕಿಕೊಂಡು ಬಂದು ತನ್ನ ಅಧಿಕೃತ ವೀಡಿಯೊ ಮೇಕಪ್ ಕಲಾವಿದೆಯನ್ನಾಗಿ ಮಾಡಿಕೊಂಡಿತು. ಮಾರಾಟ ಬಾರದು ಎನಿಸಿಕೊಂಡ ಹುಡುಗಿಯ ಮಾತನ್ನು ಲಕ್ಷಾಂತರ ಹೆಣ್ಣುಮಕ್ಕಳು ಕೇಳುತ್ತಿದ್ದಾರೆ ಎಂಬುದು ಅಷ್ಟರಲ್ಲಿ ವ್ಯಾಪಾರಕ್ಕೆ ಗೊತ್ತಾಗಿತ್ತು. ಅವರು ಮಾರುವವರ ಹಾಗೆ ಮಾತಾಡುತ್ತಿರಲಿಲ್ಲ ಎಂಬುದೇ ಇದರ ಗುಟ್ಟು. ಮೆಲುದನಿಯಲ್ಲಿ, ಪಕ್ಕದಲ್ಲಿ ಕೂತು ಹೇಳಿಕೊಡುವ ಅಕ್ಕನ ಹಾಗೆ ಮಾತಾಡುತ್ತಿದ್ದರು. ಅಂಗಡಿಯ ಜಾಹೀರಾತುಗಳಲ್ಲಿ ಏಷ್ಯಾದ ಮುಖ ಅಪರೂಪವಾಗಿದ್ದ ಕಾಲದಲ್ಲಿ ತಮ್ಮಂಥ ಕಣ್ಣು, ತಮ್ಮಂಥ ಬಣ್ಣದವರೊಬ್ಬರು ಹೇಳಿಕೊಡುತ್ತಿರುವುದು ಅನೇಕರಿಗೆ ದೊಡ್ಡ ಸಮಾಧಾನವಾಗಿತ್ತು.

ಆಮೇಲೆ ಹಾದಿ ಬೇಗ ಬೇಗ ಏರಿತು. 2011ರಲ್ಲಿ ಜೊತೆಗಾರರೊಂದಿಗೆ ಒಂದು ಕಂಪನಿ ಕಟ್ಟಿದರು. ಮುಂದೆ ಅದರ ಹೆಸರು ಇಪ್ಸಿ ಎಂದಾಯಿತು. ತಿಂಗಳಿಗೆ 10 ಡಾಲರ್ ಕೊಟ್ಟವರ ಮನೆಗೆ ಸೌಂದರ್ಯವರ್ಧಕಗಳ ಪುಟ್ಟ ಚೀಲವೊಂದು ಬರುತ್ತಿತ್ತು. 2015ರಲ್ಲಿ ಬಂಡವಾಳಗಾರರು ಈ ಕಂಪನಿಗೆ ಕಟ್ಟಿದ ಬೆಲೆ 80 ಕೋಟಿ ಡಾಲರಿಗೂ ಹೆಚ್ಚು. ನಡುವೆ 2013ರಲ್ಲಿ ಲೊರಿಯಾಲ್ ಕಂಪನಿಯ ಜೊತೆ ಸೇರಿ 'ಎಮ್' ಎಂಬ ಹೆಸರಿನಲ್ಲಿ ತಮ್ಮದೇ ಸಾಮಾನುಗಳನ್ನು ಹೊರತಂದರು. ಆಗ ಮೊದಲ ಸಲ ಅಪಸ್ವರ ಕೇಳಿತು. ಬೆಲೆ ತಮ್ಮ ಕೈಗೆ ಎಟುಕುವುದಿಲ್ಲ ಎಂದು ವರ್ಷಗಳಿಂದ ನೋಡಿಕೊಂಡು ಬಂದವರೇ ದೂರಿದರು. ಬೇರೆ ಕಂಪನಿ ದುಬಾರಿ ಬೆಲೆ ಇಟ್ಟಿದ್ದರೆ ಅವರು ಸುಮ್ಮನೆ ಕೊಳ್ಳದೆ ಇರುತ್ತಿದ್ದರು. ಇಲ್ಲಿ ಅವರಿಗಾದದ್ದು ನೋವು. ಅಂಗಡಿಯವನ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ, ಮುನಿಸು ಅಕ್ಕನ ಮೇಲೆ.

ಆನಂತರ ಅವರು ವೀಡಿಯೊ ಹಾಕುವುದನ್ನು ನಿಲ್ಲಿಸಿದರು. 2017ರಲ್ಲಿ, ತಾನೇಕೆ ಹೊರಟುಹೋದೆ ಎಂದು ಚಿತ್ರಗಳ ಮೂಲಕ ಹೇಳುವ ಒಂದು ವೀಡಿಯೊ ಬಂತು. ಕ್ಯಾಮೆರಾದ ಎದುರಿನ ತಾನೂ ನಿಜವಾದ ತಾನೂ ಒಬ್ಬರಿಗೊಬ್ಬರು ಅಪರಿಚಿತರಾಗಿಬಿಟ್ಟೆವು, ಕನಸು ಕಂಡ ಹುಡುಗಿ ಕೊನೆಗೆ ನಗುತ್ತ ಮಾರುವ ಒಂದು ಸರಕಾದಳು ಎಂಬುದು ಅದರ ಸಾರ. ಮುರಿದುಬಿದ್ದವರು, ಸೋತವರು ಹೀಗೆಂದರೆ ನಾವು ತಲೆದೂಗಿ ಮುಂದೆ ಹೋಗುತ್ತೇವೆ. ಇದನ್ನು ಹೇಳಿದ್ದು ಆ ಕೆಲಸದಲ್ಲಿ ಎಲ್ಲರಿಗಿಂತ ಮೇಲೆ ಏರಿದವರು. ಆದ್ದರಿಂದ ಈ ಮಾತನ್ನು ನಿಂತು ಕೇಳಬೇಕಾಗುತ್ತದೆ.

ತಪ್ಪು ಕಡೆ ಬೆರಳು

ತಪ್ಪು ಎಲ್ಲಿದೆ ಎಂದು ಹುಡುಕುವಾಗ ನಮ್ಮ ಬೆರಳು ಮೊದಲು ಹೋಗುವುದು ಅಲಂಕಾರದ ಕಡೆಗೆ. ತುಟಿಯ ಬಣ್ಣ, ಹುಬ್ಬಿನ ಗೆರೆ, ದಿನಕ್ಕೊಂದು ಬಟ್ಟೆ. ಇದು ಹಳೆಯ ಅಭ್ಯಾಸ. ಆದರೆ 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದೇ ವಿಷಯವನ್ನು ಎತ್ತಿಕೊಂಡಾಗ ನಮಗಿಂತ ಹೆಚ್ಚು ತಾಳ್ಮೆಯಿಂದ ನೋಡಿದರು. ತಮ್ಮ ದೊಡ್ಡ ಗ್ರಂಥ 'ಸುಮ್ಮಾ'ದಲ್ಲಿ ಹೆಂಗಸರ ಅಲಂಕಾರ ಪಾಪವೇ ಎಂದು ಕೇಳಿ, ಅದು ಉದ್ದೇಶವನ್ನು ಅವಲಂಬಿಸಿದೆ ಎಂಬ ಕಡೆಗೆ ಅವರು ವಾದ ನಡೆಸುತ್ತಾರೆ. ಇಲ್ಲದ ಚೆಲುವನ್ನು ಇದೆಯೆಂದು ನಟಿಸುವುದು ಒಂದು. ಕಾಯಿಲೆಯಿಂದಲೋ ಮತ್ತೊಂದರಿಂದಲೋ ಆದ ವಿಕಾರವನ್ನು ಮರೆಮಾಡಿಕೊಳ್ಳುವುದು ಇನ್ನೊಂದು, ಅದು ಸಲ್ಲುವ ಕೆಲಸ ಎಂದು ಅವರು ಬೇರ್ಪಡಿಸುತ್ತಾರೆ. ಒಡವೆ, ಅಲಂಕಾರದ ಸಾಮಾನು ಮಾಡುವವರ ಕಸುಬನ್ನೂ ಅವರು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬಳಕೆಯಾಗಬಲ್ಲ ವಸ್ತುವನ್ನು ಮಾಡಿದ ಮಾತ್ರಕ್ಕೆ ಕಸುಬು ಕೆಟ್ಟದ್ದಾಗದು.

ಈ ತಾಳ್ಮೆ ನಮಗೂ ಬೇಕು. ಮುಖದ ಮೇಲೆ ಸುಟ್ಟ ಕಲೆ ಇರುವ ಹುಡುಗಿಗೆ ಅದನ್ನು ಮಬ್ಬಾಗಿಸುವುದು ಹೇಗೆ ಎಂದು ಒಬ್ಬಾಕೆ ತೋರಿಸಿಕೊಟ್ಟರೆ ಅದು ಉಪಕಾರ. ಮದುವೆಯ ದಿನ ಪಾರ್ಲರಿಗೆ ಸಾವಿರಾರು ರೂಪಾಯಿ ತೆರಲಾಗದ ಮನೆಯಲ್ಲಿ, ಅಕ್ಕನಿಗೆ ತಂಗಿಯೇ ಫೋನು ನೋಡಿಕೊಂಡು ಮೇಕಪ್ ಮಾಡಿ, ಸೀರೆಯ ನೆರಿಗೆ ಹಿಡಿದು, ಹೂ ಮುಡಿಸಿ ಕಳಿಸಿದರೆ ಅದು ಕೈಗೆ ಬಂದ ವಿದ್ಯೆ. ಹಿಂದೆ ದುಡ್ಡಿದ್ದವರಿಗೆ ಮಾತ್ರ ಸಿಗುತ್ತಿದ್ದ ಕಸುಬಿನ ಗುಟ್ಟುಗಳು ಈಗ ಹಳ್ಳಿಯ ಮನೆಗೂ ಬಂದಿವೆ. ವಿದ್ಯೆ ಕಲಿಸಿದವರಿಗೆ ಸಂಬಳ ಸಿಗುವುದು ನ್ಯಾಯ.

ಆ ಸಂಬಳ ಬರುವ ದಾರಿ ಮಾತ್ರ ನಮ್ಮ ಹಿರಿಯರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಜಾಹೀರಾತಿನ ಪಾಲಿಗೆ ಅರ್ಹರಾಗಲು, ಯೂಟ್ಯೂಬ್ 2018ರಲ್ಲಿ ತಂದ ಅಳತೆಯ ಪ್ರಕಾರ, 1,000 ಚಂದಾದಾರರು ಮತ್ತು ಒಂದು ವರ್ಷದಲ್ಲಿ 4,000 ಗಂಟೆಗಳ ನೋಟ ಬೇಕು. ಆಮೇಲೆ ಉದ್ದದ ವೀಡಿಯೊಗಳ ಜಾಹೀರಾತಿನ ಹಣದಲ್ಲಿ 55% ವೀಡಿಯೊ ಮಾಡಿದವರಿಗೆ. ಸಣ್ಣ ಚಾನೆಲಿಗೆ ಇದು ಫೋನಿನ ಖರ್ಚನ್ನು ಹೊರಡಿಸಿದರೆ ಹೆಚ್ಚು. ಹೊಟ್ಟೆ ತುಂಬಿಸುವ ಹಣ ಬರುವುದು ಬೇರೆ ಬಾಗಿಲುಗಳಿಂದ: ಕಂಪನಿಯಿಂದ ದುಡ್ಡು ಪಡೆದು ಅದರ ಸಾಮಾನನ್ನು ಹೊಗಳುವುದು, ವೀಡಿಯೊದ ಕೆಳಗಿನ ಲಿಂಕ್ ಒತ್ತಿ ಯಾರಾದರೂ ಕೊಂಡರೆ ಕಮಿಷನ್ ಪಡೆಯುವುದು, ಕೊನೆಗೆ ತನ್ನದೇ ಹೆಸರಿನ ಸಾಮಾನು ಮಾರುವುದು. ಅಂದರೆ ಕಲಿಸುವುದಕ್ಕೆ ಸಿಗುವುದು ಕಡಿಮೆ, ನಂಬಿಸುವುದಕ್ಕೆ ಸಿಗುವುದು ಹೆಚ್ಚು. ಕಷ್ಟ ಶುರುವಾಗುವುದು ಇಲ್ಲಿಂದ.

ಬಳೆಗಾರನ ಮಲಾರ

ನಮ್ಮ ಊರುಗಳಿಗೆ ಹಿಂದೆ ಬಳೆಗಾರ ಬರುತ್ತಿದ್ದ. ಜಗಲಿಯ ಮೇಲೆ ಕೂತು ನೀರು ಮಜ್ಜಿಗೆ ಕುಡಿದು, ತವರಿನ ಸುದ್ದಿ ಹೇಳಿ, ಕೈ ಹಿಡಿದು ನೋವಾಗದಂತೆ ಬಳೆ ತೊಡಿಸುತ್ತಿದ್ದ. ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯಲ್ಲಿ ಮದುವೆ ಎಂಬುದೆಲ್ಲ ಅವನಿಗೆ ಗೊತ್ತು. ಅವನ ಮಾತಿನಲ್ಲಿ ಪ್ರೀತಿಯೂ ಇತ್ತು, ವ್ಯಾಪಾರವೂ ಇತ್ತು. ಎರಡೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಹಾಗೆಂದು ಅವನು ಮೋಸಗಾರ ಎಂದು ಯಾರೂ ಅನ್ನಲಿಲ್ಲ. ಏಕೆಂದರೆ ಅವನ ಹೆಗಲ ಮೇಲೆ ಬಳೆಯ ಮಲಾರ ತೂಗುತ್ತಿತ್ತು. ದೂರದ ತಿರುವಿನಲ್ಲಿ ಬರುವಾಗಲೇ ಅದು ಕಾಣುತ್ತಿತ್ತು. ಇವನು ಬಂದಿರುವುದು ಮಾರುವುದಕ್ಕೆ ಎಂದು ಗೊತ್ತಿದ್ದೇ ನಾವು ಅವನನ್ನು "ಬಾರಪ್ಪ" ಎಂದು ಕರೆಯುತ್ತಿದ್ದೆವು.

ಫೋನಿನಲ್ಲಿ ಮಾತಾಡುವ ಅಕ್ಕನ ಹೆಗಲ ಮೇಲೆ ಮಲಾರ ಇದೆಯೇ? ಇದ್ದರೆ ಅದು ನೋಡುವವರ ಕಣ್ಣಿಗೆ ಬೀಳುತ್ತದೆಯೇ? ಇಂದು ಬೆಳಿಗ್ಗೆ ಮಗುವಿಗೆ ಜ್ವರ ಎಂದು ಹೇಳಿದ ದನಿಯೇ ಐದು ನಿಮಿಷದ ನಂತರ "ಈ ಸೀರಮ್ ಇಲ್ಲದೆ ನಾನು ಮನೆಯಿಂದ ಹೊರಗೇ ಹೋಗುವುದಿಲ್ಲ" ಎನ್ನುತ್ತದೆ. ಮೊದಲ ಮಾತು ನಿಜ. ಎರಡನೆಯ ಮಾತಿಗೆ ಯಾರೋ ದುಡ್ಡು ಕೊಟ್ಟಿರಬಹುದು. ಎರಡರ ನಡುವೆ ಹೊಸ್ತಿಲು ಎಲ್ಲಿದೆ ಎಂದು ಕೇಳುವವರಿಗೆ ತಿಳಿಯದು. ಅಡುಗೆಮನೆಯಲ್ಲಿ ಅಕ್ಕನ ಜೊತೆ ಇದ್ದೇವೆ ಎಂದುಕೊಂಡವರು ತಮಗೇ ಅರಿವಿಲ್ಲದೆ ಅಂಗಡಿಯೊಳಗೆ ನಿಂತಿರುತ್ತಾರೆ.

ಇಂಥ ಏಕಮುಖ ಆಪ್ತತೆಯನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದರು. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು 1956ರಲ್ಲಿ ರೇಡಿಯೊ, ಟಿವಿಗಳನ್ನು ಕುರಿತು ಬರೆಯುತ್ತ, ಪರದೆಯ ಮೇಲಿನ ವ್ಯಕ್ತಿ ತನ್ನೊಡನೆಯೇ ಮಾತಾಡುತ್ತಿದ್ದಾನೆ ಎಂಬ ಭಾವ ನೋಡುವವರಲ್ಲಿ ಹುಟ್ಟುತ್ತದೆ, ಆದರೆ ಆ ಸಂಬಂಧದ ಲಗಾಮು ಒಂದೇ ಕಡೆ ಇರುತ್ತದೆ ಎಂದರು. ನಾವು ಆಕೆಯ ಮದುವೆ, ಮನೆ, ಬೆಕ್ಕಿನ ಹೆಸರು ಎಲ್ಲವನ್ನೂ ಬಲ್ಲೆವು. ಆಕೆಗೆ ನಾವು ಒಂದು ಲೆಕ್ಕ. ಟಿವಿಯ ಕಾಲದಲ್ಲಿ ಸ್ಟುಡಿಯೊ ಎಂಬ ಅಂತರವಾದರೂ ಇತ್ತು. ಈಗ ಮಲಗುವ ಕೋಣೆಯ ಕನ್ನಡಿಯ ಮುಂದೆಯೇ ಮಾತು ನಡೆಯುತ್ತದೆ.

ಗಡಿಯಲ್ಲಿ ಬದುಕುವ ನಮಗೆ ಇದರಲ್ಲಿ ಇನ್ನೂ ಒಂದು ಎಳೆ ಇದೆ. ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಪೂಜೆಯಲ್ಲಿ ಎರಡು ಮೂರು ಭಾಷೆ, ಮನೆಯೊಳಗೆ ಮಾತ್ರ ಕನ್ನಡ ಎನ್ನುವವರಿಗೆ, ನಮ್ಮದೇ ಧಾಟಿಯ ಕನ್ನಡದಲ್ಲಿ "ಬನ್ನಿ ಅಕ್ಕ, ನೋಡಿ ಅಕ್ಕ" ಎಂದು ಕರೆಯುವ ದನಿ ಬೇಗ ಒಳಗೆ ಇಳಿಯುತ್ತದೆ. ಮಿಶೆಲ್ ಫ್ಯಾನರ ಕಣ್ಣನ್ನು ನೋಡಿ ಏಷ್ಯಾದ ಹುಡುಗಿಯರಿಗೆ ಆದ ನೆಮ್ಮದಿಯೇ ಇದು. ಮನೆಮಾತಿಗೆ ನಾವು ಪರೀಕ್ಷೆಯಿಲ್ಲದೆ ಬಾಗಿಲು ತೆರೆಯುತ್ತೇವೆ. ಆದ್ದರಿಂದ ಚಿಕ್ಕ ಭಾಷಾಸಮುದಾಯದಲ್ಲಿ ಈ ಕೆಲಸ ಮಾಡುವವರ ಕೈಗೆ ಬರುವ ನಂಬಿಕೆ ದೊಡ್ಡದು, ಅದನ್ನು ಮುರಿದರೆ ಆಗುವ ಗಾಯವೂ ದೊಡ್ಡದು.

ಮಾರುವವನ ಕರ್ತವ್ಯವೇನು ಎಂಬುದನ್ನೂ ಅಕ್ವಿನಾಸರು ಅದೇ ಗ್ರಂಥದಲ್ಲಿ ವಿಚಾರಿಸಿದ್ದಾರೆ. ಒಕ್ಕಣ್ಣಿನ ಕುದುರೆಯನ್ನು ಕಡಿಮೆ ಬೆಲೆಗೆ ಮಾರುವವನು ಅದರ ದೋಷವನ್ನು ಕೂಗಿ ಹೇಳಬೇಕಾಗಿಲ್ಲ, ಅದು ಕಣ್ಣಿಗೆ ಕಾಣುತ್ತದೆ. ಕಾಣದ ದೋಷವನ್ನು ಮಾತ್ರ ಮುಚ್ಚಿಟ್ಟು ಕೊಳ್ಳುವವನಿಗೆ ನಷ್ಟವೋ ಅಪಾಯವೋ ತರುವಂತಿಲ್ಲ. ಇದನ್ನು ನಮ್ಮ ವಿಷಯಕ್ಕೆ ತಂದರೆ, ಕಾಣದೆ ಉಳಿಯುವುದು ಕ್ರೀಮಿನ ದೋಷವಷ್ಟೇ ಅಲ್ಲ, ಹೊಗಳಿಕೆಯ ಹಿಂದಿನ ಹಣವೂ ಹೌದು. 1997ರಲ್ಲಿ ವ್ಯಾಟಿಕನ್ನಿನ ಸಮಾಜ ಸಂಪರ್ಕ ಸಮಿತಿ ಜಾಹೀರಾತಿನ ನೀತಿಯ ಬಗ್ಗೆ ಹೊರಡಿಸಿದ ದಾಖಲೆಯೂ ಮೂರು ಅಳತೆಗಳನ್ನು ಇಟ್ಟಿತ್ತು: ಸತ್ಯ, ಮನುಷ್ಯನ ಘನತೆ, ಸಮಾಜದ ಹೊಣೆ.

ಕಾನೂನೂ ಈಗ ಈ ದಾರಿಗೆ ಬಂದಿದೆ. ಜಾಹೀರಾತು ಕ್ಷೇತ್ರದವರೇ ಕಟ್ಟಿಕೊಂಡ ಆಸ್ಕಿ ಸಂಸ್ಥೆ 2021ರಲ್ಲಿ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ, ಹಣ ಅಥವಾ ಉಡುಗೊರೆ ಪಡೆದು ಮಾಡಿದ ವೀಡಿಯೊದಲ್ಲಿ ಅದನ್ನು ಎದ್ದು ಕಾಣುವಂತೆ ಹೇಳಬೇಕು ಎಂದು ನಿಯಮ ಹೇಳಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಸಾಮಾನನ್ನು ಹೊಗಳಿದವರೂ ಇದಕ್ಕೆ ಹೊರಗಲ್ಲ. ಮಲಾರವನ್ನು ಹೆಗಲ ಮೇಲೆ ಹೊರಿಸುವ ಕೆಲಸವನ್ನೇ ಈ ನಿಯಮಗಳು ಮಾಡುತ್ತಿವೆ. ಒಳ್ಳೆಯದು.

ಚೀಟಿ ಅಂಟಿಸಿದರೆ ಸಾಕೇ?

"ಇದು ಜಾಹೀರಾತು" ಎಂದು ಮೂಲೆಯಲ್ಲಿ ಬರೆದುಬಿಟ್ಟರೆ ಕೆಲಸ ಶುದ್ಧವಾಯಿತೇ? ಅಲ್ಲಿಗೆ ಮುಗಿಯದು ಎಂದು ನಮಗನ್ನಿಸುತ್ತದೆ.

ಒಂದನೆಯದಾಗಿ, ಸೌಂದರ್ಯದ ವ್ಯಾಪಾರಕ್ಕೆ ಮೊದಲು ಗಾಯ ಮಾಡಿ ಆಮೇಲೆ ಮುಲಾಮು ಮಾರುವ ಹಳೆಯ ಚಾಳಿ ಇದೆ. ನಮ್ಮ ದೇಶದಲ್ಲಿ 1975ರಿಂದ ಒಂದು ಕ್ರೀಮು 'ಫೇರ್ ಅಂಡ್ ಲವ್ಲಿ' ಎಂಬ ಹೆಸರಿನಲ್ಲೇ ಮಾರಾಟವಾಯಿತು. ಆ ಹೆಸರಿನಿಂದ 'ಫೇರ್' ಎಂಬ ಪದ ಬಿದ್ದುಹೋಗಲು 2020ರವರೆಗೆ ಕಾಯಬೇಕಾಯಿತು. ಅಕ್ವಿನಾಸರು ಹೇಳಿದ್ದು ಕಾಯಿಲೆಯಿಂದಾದ ವಿಕಾರವನ್ನು ಮರೆಮಾಡುವುದರ ಬಗ್ಗೆ. ಇಲ್ಲಿ ದೇವರು ಕೊಟ್ಟ ಬಣ್ಣವೇ ವಿಕಾರ ಎಂದು ಮೊದಲು ನಂಬಿಸಬೇಕು. ಟಿವಿಯ ಜಾಹೀರಾತು ಅದನ್ನು ದೂರದಿಂದ ಹೇಳುತ್ತಿತ್ತು. ಅಕ್ಕನ ದನಿಯಲ್ಲಿ "ನಿನ್ನ ಕಣ್ಣಿನ ಕೆಳಗೆ ಕಪ್ಪಿದೆಯಲ್ಲ, ನಿನ್ನ ಚರ್ಮದಲ್ಲಿ ತೂತು ಕಾಣುತ್ತಿದೆಯಲ್ಲ" ಎಂದರೆ ಹದಿನಾಲ್ಕರ ಹುಡುಗಿ ಅದನ್ನು ಜಾಹೀರಾತು ಎಂದು ಕೇಳಿಸಿಕೊಳ್ಳುವುದಿಲ್ಲ, ಕಾಳಜಿ ಎಂದು ಕೇಳಿಸಿಕೊಳ್ಳುತ್ತಾಳೆ. ಮೂಲೆಯ ಚೀಟಿ ಈ ಗಾಯವನ್ನು ತಡೆಯದು.

ಎರಡನೆಯದಾಗಿ, ಮಾರುವವಳ ಪಾಡು. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಬೆಲೆಗೂ ಘನತೆಗೂ ಗೆರೆ ಎಳೆದರು. ಬೆಲೆ ಇರುವುದರ ಜಾಗದಲ್ಲಿ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬಹುದು; ಘನತೆ ಇರುವುದರ ಜಾಗದಲ್ಲಿ ಬೇರೆ ಏನನ್ನೂ ಇಡಲಾಗದು. ದುಡಿಮೆಗೆ ಬೆಲೆ ಇದೆ, ದುಡಿಯುವವಳಿಗೆ ಘನತೆ ಇದೆ. ಸಾಮಾನ್ಯ ಕೆಲಸದಲ್ಲಿ ಈ ಗೆರೆ ಗಡಿಯಾರದಲ್ಲೇ ಇರುತ್ತದೆ: ಐದೂವರೆಗೆ ಶಿಫ್ಟ್ ಮುಗಿದು ಬಸ್ಸು ಹತ್ತಿದವಳು ಮತ್ತೆ ತಾನಾಗುತ್ತಾಳೆ. ಈ ಕೆಲಸದಲ್ಲಿ ಸರಕು ಅವಳ ಮುಖ, ಮನೆ, ಅಳು, ಮದುವೆ, ಮಗು. ಮನೆಗೆ ಹೋದರೂ ಅಂಗಡಿಯ ಒಳಗೇ ಇರುತ್ತಾಳೆ. ಸಾಮಾನು ಖರ್ಚಾಗಲಿಲ್ಲ ಎಂದು ಅಂಗಡಿಯವನು ಹೇಳುವ ಕಡೆ ಅವಳಿಗೆ "ನಾನು ಖರ್ಚಾಗಲಿಲ್ಲ" ಎನಿಸುತ್ತದೆ. ಮಿಶೆಲ್ ಫ್ಯಾನ್ ತಾನು ಸರಕಾದೆ ಎಂದದ್ದು ಅಲಂಕಾರದ ಮಾತಲ್ಲ, ಆ ಕೆಲಸದ ಲೆಕ್ಕಪುಸ್ತಕದ ಮಾತು.

ಅದಕ್ಕೆ ಎರಡು ವರ್ಷ ಮೊದಲು, 2015ರ ನವೆಂಬರಿನಲ್ಲಿ, ಆಸ್ಟ್ರೇಲಿಯಾದ ಎಸ್ಸೆನಾ ಓನೀಲ್ ಎಂಬ 18 ವರ್ಷದ ಹುಡುಗಿ ಇನ್ನೊಂದು ಬಗೆಯಲ್ಲಿ ಇದನ್ನೇ ಹೇಳಿದ್ದಳು. ಅವಳ ಇನ್‌ಸ್ಟಾಗ್ರಾಮ್ ಪುಟಕ್ಕೆ ಆರು ಲಕ್ಷಕ್ಕೂ ಹೆಚ್ಚು ಹಿಂಬಾಲಕರಿದ್ದರು. ಒಂದು ದಿನ ಸುಮಾರು 2,000 ಚಿತ್ರಗಳನ್ನು ಅಳಿಸಿದಳು. ಉಳಿದವುಗಳ ಕೆಳಗೆ ಹಳೆಯ ಸಾಲುಗಳನ್ನು ತೆಗೆದು ನಡೆದದ್ದನ್ನು ಬರೆದಳು: ಈ ಉಡುಪನ್ನು ಹಾಕಿಕೊಂಡದ್ದಕ್ಕೆ ಹಣ ಬಂದಿತ್ತು, ಈ ಒಂದು ಚಿತ್ರಕ್ಕಾಗಿ ಎಷ್ಟೋ ಸಲ ತೆಗೆಸಿಕೊಂಡೆ, ಹೊಟ್ಟೆ ಚಪ್ಪಟೆಯಾಗಿ ಕಾಣಲೆಂದು ಊಟ ಬಿಟ್ಟಿದ್ದೆ. ಇದೂ ಇನ್ನೊಂದು ನಾಟಕ ಎಂದು ಹಳೆಯ ಗೆಳತಿಯರೇ ಕೆಲವರು ಜರೆದರು. ಆ ಜರೆತವನ್ನೂ ಗಮನಿಸಬೇಕು. ಒಮ್ಮೆ ನಿಜವನ್ನೇ ಸರಕು ಮಾಡಿದ ಮೇಲೆ, ನಿಜವಾಗಿ ಅತ್ತರೂ ಜನ ಅದನ್ನು ಹೊಸ ಸರಕು ಎಂದೇ ಎಣಿಸುತ್ತಾರೆ. ನಂಬಿಕೆ ಮಾರಿದವಳಿಗೆ ಕೊನೆಗೆ ತನ್ನ ನಿಜವನ್ನು ನಂಬಿಸುವುದಕ್ಕೂ ಏನೂ ಉಳಿಯುವುದಿಲ್ಲ.

ನಗು ಮಾರದವರು ಯಾರು?

ಇದಕ್ಕೊಂದು ಬಲವಾದ ಆಕ್ಷೇಪವಿದೆ. ನಗುಮುಖವನ್ನು ಯಾವ ಕೆಲಸ ಕೇಳುವುದಿಲ್ಲ? ಸೀರೆ ಅಂಗಡಿಯ ಹುಡುಗಿ ಐವತ್ತು ಸೀರೆ ಬಿಡಿಸಿ ಹಾಕಿದ ಮೇಲೂ ನಗುತ್ತಾಳೆ. ನಮ್ಮ ಮನೆಗಳಿಂದ ಹೋದ ಎಷ್ಟೋ ನರ್ಸುಗಳು ತಮ್ಮ ಮನೆಯ ಸಾವಿನ ಸುದ್ದಿಯನ್ನು ಒಳಗಿಟ್ಟುಕೊಂಡು ರೋಗಿಯ ಮುಂದೆ ನಗುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ಪುಸ್ತಕದಲ್ಲಿ ವಿಮಾನದ ಪರಿಚಾರಿಕೆಯರನ್ನು ನೋಡಿ, ಭಾವನೆಯನ್ನು ಹದದಲ್ಲಿಡುವುದೇ ಒಂದು ದುಡಿಮೆ ಎಂದು ತೋರಿಸಿದರು. ಹಾಗಾದರೆ ಮೇಕಪ್ ವೀಡಿಯೊ ಮಾಡುವ ಹುಡುಗಿಯನ್ನೇ ಏಕೆ ಕಟಕಟೆಗೆ ನಿಲ್ಲಿಸಬೇಕು?

ನಿಲ್ಲಿಸಬೇಕಾಗಿಲ್ಲ. ಆದರೆ ಒಂದು ಪರೀಕ್ಷೆ ಎಲ್ಲರಿಗೂ ಸಮಾನವಾಗಿ ಹಿಡಿಸುತ್ತದೆ. ಎದುರಿಗಿರುವವಳ ಒಳಿತೂ ಮಾರುವವಳ ಲಾಭವೂ ಬೇರೆ ಬೇರೆ ದಿಕ್ಕಿಗೆ ಎಳೆದಾಗ, ಮಾತು ಯಾವ ಕಡೆ ನಿಲ್ಲುತ್ತದೆ? ನರ್ಸಿನ ನಗು ಕೂಲಿಗೆ ಬಂದದ್ದೇ ಇರಬಹುದು, ಅದು ರೋಗಿಯ ಪರವಾಗಿದೆ. "ಅಮ್ಮ, ಈ ಬಣ್ಣ ಎರಡು ಸಲ ಒಗೆದರೆ ಹೋಗುತ್ತದೆ, ನಿಮಗೆ ಬೇಡ" ಎನ್ನುವ ಜವಳಿಯಂಗಡಿಯವನು ಆ ದಿನದ ವ್ಯಾಪಾರ ಕಳೆದುಕೊಂಡು ನಮ್ಮ ಇಡೀ ಮನೆಯನ್ನು ಗಳಿಸಿಕೊಳ್ಳುತ್ತಾನೆ. "ಬೇಡ" ಎನ್ನಬಲ್ಲವನು ವ್ಯಾಪಾರಿಯಾಗಿದ್ದೂ ಹಿತೈಷಿ. ಎಂದಿಗೂ "ಬೇಡ" ಎನ್ನಲಾರದವಳು ಎಷ್ಟೇ ಸಲ "ಅಕ್ಕ" ಎಂದರೂ ಅಂಗಡಿಯೇ.

ಈ ಪರೀಕ್ಷೆಯಲ್ಲಿ ಗೆಲ್ಲುವ ಹುಡುಗಿಯರು ಇದ್ದಾರೆ. ಕಂಪನಿ ಕಳಿಸಿದ ಸಾಮಾನನ್ನು ಚೆನ್ನಾಗಿಲ್ಲವೆಂದು ಹಿಂದಿರುಗಿಸುವವರು, ಇದು ದುಡ್ಡು ಪಡೆದ ವೀಡಿಯೊ ಎಂದು ಮೊದಲ ಮಾತಿನಲ್ಲೇ ಹೇಳುವವರು, ಚರ್ಮದ ಕಾಯಿಲೆಗೆ ಕ್ರೀಮು ಕೇಳಿದರೆ "ಡಾಕ್ಟರನ್ನು ನೋಡಿ" ಎನ್ನುವವರು. ಅವರ ಗಳಿಕೆ ಕಡಿಮೆ ಇರಬಹುದು. ಅವರು ಮಾರುತ್ತಿರುವುದು ಕಸುಬನ್ನು. ನಂಬಿಕೆಯನ್ನು ಅವರು ಇಟ್ಟುಕೊಂಡಿದ್ದಾರೆ.

ನೋಡುವವರ ಪಾಲು

ಇಷ್ಟು ಹೊತ್ತು ಮಾಡುವವರ ಬಗ್ಗೆ ಮಾತಾಡಿದೆವು. ನೋಡುವವರಾದ ನಮ್ಮ ಪಾಲೂ ಇದರಲ್ಲಿ ಇದೆ. ವೀಡಿಯೊ ಪುಕ್ಕಟೆ ಎಂದು ನಾವು ಎಣಿಸುತ್ತೇವೆ. ಅದಕ್ಕೆ ಕೊಡುತ್ತಿರುವುದು ನಮ್ಮ ಹೊತ್ತನ್ನು. ಆ ಹೊತ್ತನ್ನು ಕಂಪನಿಗಳು ಜಾಹೀರಾತಿಗೆ ಮಾರಿಕೊಳ್ಳುತ್ತವೆ. ನೇರವಾಗಿ ಮೇಕಪ್ ಹೇಳಿಕೊಟ್ಟ ವೀಡಿಯೊವನ್ನು ದಾಟಿ, "ನನ್ನ ಮದುವೆ ಏಕೆ ಮುರಿಯಿತು" ಎಂಬ ವೀಡಿಯೊವನ್ನು ಒತ್ತುವುದು ನಮ್ಮದೇ ಬೆರಳು. ಒಂದು ವಾರ ಕಾಣದಿದ್ದರೆ "ಎಲ್ಲಿ ಹೋದೆ, ಸೊಕ್ಕು ಬಂತೇ" ಎಂದು ಬರೆಯುವವರೂ, ಸ್ವಲ್ಪ ದಪ್ಪಗಾದರೆ ಗೇಲಿ ಮಾಡುವವರೂ ನಮ್ಮಂಥ ಮನೆಯವರೇ. ಎದುರು ಸಿಕ್ಕರೆ ಆಡಲಾರದ ಮಾತನ್ನು ಅಲ್ಲಿ ಬರೆಯುತ್ತೇವೆ, ಏಕೆಂದರೆ ಆ ಹೊತ್ತಿಗೆ ನಮ್ಮ ಕಣ್ಣಿಗೂ ಅವಳು ಸರಕಾಗಿರುತ್ತಾಳೆ. ಅವಳ ಘನತೆಗೆ ಬೆಲೆಪಟ್ಟಿ ಅಂಟಿಸಿದ ಕೈಗಳಲ್ಲಿ ಕೊಳ್ಳುವವರ ಕೈಯೂ ಒಂದು.

ಹಾಗಾದರೆ ಮಗಳಿಗೆ ಏನು ಹೇಳೋಣ? "ಬೇಡ" ಎಂದು ಬಾಯಿ ಮುಚ್ಚಿಸಬೇಕಾಗಿಲ್ಲ. ಕಸುಬನ್ನು ಚೆನ್ನಾಗಿ ಕಲಿ ಎನ್ನೋಣ. ಪಾರ್ಲರಿನಲ್ಲೋ ಟೈಲರಿಂಗ್ ಮಿಷನ್ನಿನ ಮುಂದೆಯೋ ಒಂದೆರಡು ವರ್ಷ ಕೂತು ಕಲಿತವಳಿಗೆ ತನ್ನ ಅಳು ಮಾರುವ ಅಗತ್ಯ ಕಡಿಮೆ. ಹಣ ಬಂದದ್ದನ್ನು ಮೊದಲ ಮಾತಿನಲ್ಲೇ ಹೇಳು ಎನ್ನೋಣ. ಮನೆಯಲ್ಲಿ ಕ್ಯಾಮೆರಾ ಹೋಗದ ಒಂದು ಕೋಣೆ ಇರಲಿ, ವಾರದಲ್ಲಿ ಕ್ಯಾಮೆರಾ ಇಲ್ಲದ ಒಂದು ದಿನ ಇರಲಿ. ಭಾನುವಾರವಾದರೆ ನೆನಪಿಡುವುದು ಸುಲಭ. ಚಿಕ್ಕ ಮಕ್ಕಳ ಮುಖವನ್ನು ಅದರೊಳಗೆ ತರಬೇಡ, ಅವರಿಗೆ ಒಪ್ಪಿಗೆ ಕೊಡುವ ವಯಸ್ಸಾಗಿಲ್ಲ. ಯಾರದೋ ಬಣ್ಣವನ್ನು, ಮೈಯನ್ನು ಕೀಳು ಮಾಡಿ ಮಾರುವ ಸಾಮಾನು ಬಂದರೆ ಎಷ್ಟೇ ದುಡ್ಡಿರಲಿ ಹಿಂದಕ್ಕೆ ಕಳಿಸು. ಇಷ್ಟು ಹೇಳುವ ಹಿರಿಯರು ಜೊತೆಗೆ ಅವಳ ವೀಡಿಯೊವನ್ನು ಒಮ್ಮೆ ಕೂತು ನೋಡಲೂ ಬೇಕು. ನೋಡದೆ ಹೇಳಿದ ಬುದ್ಧಿಮಾತು ಅವಳ ಕಿವಿಗೆ ಬೀಳುವುದಿಲ್ಲ.

ಮಿಶೆಲ್ ಫ್ಯಾನ್ 2019ರಲ್ಲಿ ಮರಳಿ ಬಂದರು. ಈ ನಡುವೆ ಇಪ್ಸಿಯನ್ನು ಬಿಟ್ಟು, 'ಎಮ್' ಅನ್ನು ಮಾತ್ರ ತಮ್ಮ ಬಳಿ ಇಟ್ಟುಕೊಂಡಿದ್ದರು. ಆಮೇಲೂ ಅವರು ಮಾರಿದರು, ಆದರೆ ಮೊದಲಿನಂತೆ ಪ್ರತಿ ವಾರವೂ ತಮ್ಮನ್ನು ತೋರಿಸಿಕೊಳ್ಳಲಿಲ್ಲ. ಅಂಗಡಿ ಅಂಗಡಿಯಾಗಿ ನಿಂತಿತು, ಆಕೆ ಅದರ ಹೊರಗೂ ಇರಬಲ್ಲವರಾದರು. ಈ ಕೆಲಸವನ್ನು ಬಿಟ್ಟುಬಿಡುವುದೊಂದೇ ದಾರಿಯಲ್ಲ ಎಂಬುದಕ್ಕೆ ಇದು ಸಾಕ್ಷಿ. ನಮ್ಮ ಹೆಣ್ಣುಮಕ್ಕಳು ಆ ಹದಕ್ಕೆ ಬರಲು ಹತ್ತು ವರ್ಷ ನೋಯಬೇಕಾಗಿಲ್ಲ. ಮಲಾರವನ್ನು ಮೊದಲ ದಿನವೇ ಹೆಗಲ ಮೇಲೆ ಕಾಣುವಂತೆ ಹಾಕಿಕೊಂಡು ಹೊರಟರೆ, ಜಗಲಿಯ ಮೇಲೆ ಅವರಿಗೆ ಜಾಗ ಕೊಡುವುದು ನಮ್ಮ ಕೆಲಸ.